ಮೈಬಿಸಿಗೆ ಕರಗಿದ ಗೋಡೆ

ಆ ದಿನ ಬೆಳಗಿನ ಚಳಿ ಮಲಪ್ರಭೆಯಿಂದ ಎದ್ದು ಬಂದು ಕಬ್ಬಿನ ಹೊಲಗಳಲ್ಲಿ ಕುಳಿತಿತ್ತು. ಮಂಜು ಹಾಲಿನ ಕೆನೆಯಷ್ಟು ದಪ್ಪ. ಎಂ.ಕೆ. ಹುಬ್ಬಳ್ಳಿಯ ಕಡೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಕಣ್ಣಿಗೆ ಬೀಳುತ್ತಿರಲಿಲ್ಲ, ಅವುಗಳಲ್ಲಿ ಹಚ್ಚಿದ ಹಾಡು ಮಾತ್ರ ಕೇಳುತ್ತಿತ್ತು. ಮನೆಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಬೆಳ್ಳಗೆ ಹೆಪ್ಪುಗಟ್ಟಿದ್ದ ಬೆಳಗು ಅದು.

ರಸ್ತೆಯಿಂದ ಒಳಗೆ, ಪಾಳುಬಿದ್ದ ಬೆಲ್ಲದ ಗಾಣದ ಮನೆಯ ಬೀಗಕ್ಕೆ ಹೆಡ್ ಕಾನ್‌ಸ್ಟೇಬಲ್ ಸೋಮಪ್ಪ ಕಲ್ಲಿನಿಂದ ಮೂರನೆಯ ಪೆಟ್ಟು ಹಾಕಿದ. ಬಾಗಿಲು ಸರಿಯಿತು. ಮೊದಲು ಹೊರಬಂದದ್ದು ವಾಸನೆ.

“ಯಪ್ಪಾ ಶಿವನ!” ಸೋಮಪ್ಪ ಟೋಪಿಯನ್ನೇ ಮೂಗಿಗೆ ಒತ್ತಿಕೊಂಡ. “ಏನ್ ಸತ್ತೈತ್ರಿ ಇದರಾಗ?”

“ಸತ್ತಿಲ್ಲ ಸೋಮಪ್ಪ. ಕೆಟ್ಟೈತಿ,” ಅಂದಳು ಅನ್ನಪೂರ್ಣಾ.

ಔಷಧ ಇಲಾಖೆಯ ತಪಾಸಣಾಧಿಕಾರಿ ಅವಳು. ಸಿರಸಂಗಿಯ ಹುಡುಗಿ. ಎಷ್ಟೋ ಅಂಗಡಿಗಳ ಹಿಂದಿನ ಕೋಣೆ ನೋಡಿದವಳೂ ಈ ವಾಸನೆಗೆ ಒಂದು ಹೆಜ್ಜೆ ಹಿಂದೆ ಸರಿದಳು. ತಿಂಗಳುಗಟ್ಟಲೆ ಮುಚ್ಚಿಟ್ಟ ಕುಸುಬಿ ಎಣ್ಣೆಯ ಕಮಟು, ಅದರಡಿಯಲ್ಲಿ ಆಸ್ಪತ್ರೆಯ ಫಿನಾಯಿಲು, ಅದರಡಿಯಲ್ಲಿ ಹಳೆಯ ನೆತ್ತರು.

ಪ್ಲಾಸ್ಟಿಕ್ ಟಬ್ಬಿನಲ್ಲಿ ಸಾಬೂನಿನ ನೀರು ಇತ್ತು. ನೀರಿನ ಮೇಲೆ ಕಂದುಬಣ್ಣದ ಕೆನೆ ಕಟ್ಟಿತ್ತು. ಅದರೊಳಗೆ ಹೆಬ್ಬೆರಳಿನಷ್ಟು ಉದ್ದದ ನೂರಾರು ಗಾಜಿನ ಬಾಟಲಿಗಳು. ಸೋಮಪ್ಪ ಒಂದನ್ನು ಎತ್ತಿದ. ಅದಕ್ಕೆ ಹತ್ತಿಯ ಎಳೆಯೊಂದು ಅಂಟಿತ್ತು. ಹತ್ತಿಯ ತುದಿಯಲ್ಲಿ ನೆತ್ತರು ಕಪ್ಪಗೆ ಕಟ್ಟಿತ್ತು. ಅವನು ಬಾಟಲಿಯನ್ನು ಟಬ್ಬಿಗೇ ಬಿಟ್ಟು ಹೊರಗೆ ಓಡಿದ. ಬೇಲಿಯ ಹತ್ತಿರ ಅವನು ಕಾರುವ ಸದ್ದು ಕೇಳಿತು.

ಮೂಲೆಗೆ ಒಂದು ಮಿಕ್ಸರು, ಮನೆಗಳಲ್ಲಿ ಚಟ್ನಿ ರುಬ್ಬುವಂಥದ್ದು. ಜಾರಿನ ಒಳಗೋಡೆಗೆ ಹಳದಿಗಂದು ಜಿಡ್ಡು ಕಟ್ಟಿತ್ತು. ಜಿಡ್ಡಿನಲ್ಲಿ ಜಿರಲೆಯೊಂದು ಸಿಕ್ಕಿಕೊಂಡು ಸತ್ತಿತ್ತು, ಮೀಸೆ ಮಾತ್ರ ಮೇಲೆ. ಪಕ್ಕದ ಡಬ್ಬಿಯ ಮುಚ್ಚಳ ತೆಗೆದು ಅನ್ನಪೂರ್ಣಾ ಚಮಚ ಅದ್ದಿ ಎತ್ತಿದಳು. ಈ ಕೊರೆಯುವ ಚಳಿಯಲ್ಲೂ ಡಬ್ಬಿಯ ಕೊಬ್ಬು ಬೆಲ್ಲದ ಪಾಕದ ಹಾಗೆ ಎಳೆಯಾಗಿ ಇಳಿಯಿತು.

ಶಿವನು ಮನುಷ್ಯನಿಗೆ ಮೂಗನ್ನು ಬಾಯಿಯ ಮೇಲೆಯೇ ಇಟ್ಟ. ಒಳಗೆ ಹೋಗುವುದೆಲ್ಲ ಮೊದಲು ಅಲ್ಲಿ ಒಪ್ಪಿಗೆ ಕೇಳಿ ಹೋಗಲಿ ಎಂದು. ಸೂಜಿಗೆ ಮಾತ್ರ ಮೂಗಿಲ್ಲ. ಅದು ಯಾರನ್ನೂ ಕೇಳದೆ ನೇರ ನೆತ್ತರಿಗೆ ಇಳಿಯುತ್ತದೆ.

ಹಾಗೆಯೇ ಇಳಿದಿತ್ತು ತೊರಗಲ್ಲಿನ ಮಡಿವಾಳೆಪ್ಪನ ಮೈಗೆ. ಬೈಲಹೊಂಗಲದ ಖಾಸಗಿ ಆಸ್ಪತ್ರೆಯಲ್ಲಿ, ಮೂಗಿನೊಳಗಿನ ಬೂಷ್ಟಿನ ರೋಗಕ್ಕೆಂದು ಕೊಟ್ಟ ‘ಹಾಲಿನ ಸೂಜಿ’ಯ ನಂತರ ಅವನ ಮೂತ್ರಪಿಂಡ ನಿಂತು ಜೀವ ಹೋಗಿ ಇಪ್ಪತ್ತೆರಡು ದಿನ. ಆ ಔಷಧಿಯನ್ನು ಬೆಳಗಾವಿಯಿಂದ ತಂದ ಟೆಂಪೋದ ಕಲ್ಮೇಶ ನಿನ್ನೆ ಸಂಜೆಯಿಂದ ಠಾಣೆಯಲ್ಲಿದ್ದ. ಇವತ್ತು ಮಧ್ಯಾಹ್ನ ಅವನನ್ನು ಕೋರ್ಟಿಗೆ ಒಯ್ಯಬೇಕು. “ನಾನ ಕೊಂದೇನ್ರಿ” ಎಂದು ಅವನೇ ಬರೆದುಕೊಟ್ಟಿದ್ದ.

ಸೋಮಪ್ಪ ಬಾಯಿ ತೊಳೆದುಕೊಂಡು ಒಳಗೆ ಬಂದ. ನಾಚಿಕೆ ಮುಚ್ಚಿಕೊಳ್ಳಲು ಜೋರಾಗಿ ಮಾತಾಡಿದ.

“ಮೇಡಮ್ಮಾರ, ಈ ಬಾಟಲಿ ಕುತ್ತಿಗಿ ನೋಡ್ರಿ. ಎಲ್ಲಾ ಹಳದಿ.”

“ಔಷಧಿ ಕಲೆ ಇರಬೇಕು.”

“ಔಷಧಿ ಹಾಲಿನಂಗ ಬೆಳ್ಳಗೈತಲ್ರಿ. ಇದು ಅರಿಷಿಣ. ನನ್ನ ಹೆಂಡ್ತಿ ಒಮ್ಮೆ ಅರಿಷಿಣದ ಕೈಲೆ ನನ್ನ ಖಾಕಿ ಅಂಗಿ ಹಿಡಿದಿದ್ಲು. ಹನ್ನೆರಡು ವರ್ಷಾತು, ಕಲೆ ಹೋಗಿಲ್ಲ, ಸಿಟ್ಟೂ ಹೋಗಿಲ್ಲ.”

ಅನ್ನಪೂರ್ಣಾಳ ಕೈ ನಿಂತಿತು. ಚೀಲದಿಂದ ಮೊಹರು ಹಾಕಿದ ಲಕೋಟೆ ತೆಗೆದು ಬೆಳಕಿಗೆ ಹಿಡಿದಳು. ಮಡಿವಾಳೆಪ್ಪನ ಹಾಸಿಗೆಯ ಹತ್ತಿರ ಸಿಕ್ಕ, ಅರ್ಧ ಉಳಿದ ಬಾಟಲಿ. ಅದರ ರಬ್ಬರ್ ಬಿರಡೆಯ ಸುತ್ತ ಕೂದಲೆಳೆಯಷ್ಟು ಹಳದಿ ಗೆರೆ ಇತ್ತು. ಇಪ್ಪತ್ತೆರಡು ದಿನ ಅದನ್ನು ನೋಡಿದ್ದಳು. ನೋಡಿಯೂ ಕಂಡಿರಲಿಲ್ಲ.

“ಯಾವ ಕಳ್ಳ ಅರಿಷಿಣ ಹಚ್ಚಿ ಬಾಟಲಿ ತೊಳೀತಾನ?” ಅಂದಳು ತನಗೇ.

“ಕಳ್ಳ ತೊಳಿಯಂಗಿಲ್ರಿ,” ಅಂದ ಸೋಮಪ್ಪ. “ದೇವರಿಗೆ ಕೊಡಾವ್ರು ತೊಳೀತಾರ.”

ಅವಳು ಆಸ್ಪತ್ರೆಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದಳು. ವಾರ್ಡಿನ ಖಾಲಿ ಬಾಟಲಿಗಳನ್ನು ಪುಡಿ ಮಾಡುವ ಕೆಲಸ ಯಾರದು? ಆ ಕಡೆಯಿಂದ ಬಂದ ಹೆಸರು ಶಾಂತಾಬಾಯಿ, ಇಪ್ಪತ್ತೇಳು ವರ್ಷದಿಂದ ಅಲ್ಲೇ ಇರುವ ಆಯಾ. ಅವರನ್ನು ಠಾಣೆಗೆ ಕಳಿಸಿ ಎಂದು ಹೇಳಿ ಜೀಪು ಹತ್ತಿದಳು. ಕೈಯನ್ನು ಮೂರು ಸಲ ತೊಳೆದಿದ್ದಳು. ಬೆರಳಿನ ಕಮಟು ಹೋಗಿರಲಿಲ್ಲ.

*

ಬೈಲಹೊಂಗಲದ ಠಾಣೆಯ ಕಟ್ಟೆಯ ಮೇಲೆ ಮಡಿವಾಳೆಪ್ಪನ ಹೆಂಡತಿ ಚನ್ನವ್ವ ಕುಳಿತಿದ್ದಳು. ದಿನಾಲೂ ತೊರಗಲ್ಲಿನಿಂದ ಮೊದಲ ಬಸ್ಸಿಗೆ ಬರುತ್ತಾಳೆ, ಏನೂ ಕೇಳುವುದಿಲ್ಲ, ಸಂಜೆಗೆ ಹೋಗುತ್ತಾಳೆ.

“ನಿನ್ನ ತಮ್ಮ ಹೆಂಗದಾನವ್ವಾ?” ಅನ್ನಪೂರ್ಣಾಳನ್ನು ಕಂಡು ಕೇಳಿದಳು. “ಉಣ್ಣಾಕತ್ಯಾನ?”

“ಉಣ್ತಾನ ಯವ್ವಾ. ಆರಾಮ ಅದಾನ.”

“ಚಲೋ ಆತು. ನಮ್ಮವರು ನಿನ್ನ ತಮ್ಮ ಸಂಜೂನ ಜೋಡಿ ರಾತ್ರಿ ಹಗಲು ಮಾತಾಡತಿದ್ರು. ಒಂದ ರೋಗ, ಬಾಜೂ ಹಾಸಿಗಿ. ಒಬ್ಬರರ ಮನಿಗೆ ಹೋದ್ರಲ್ಲ.”

ಆ ಮಾತಿನಲ್ಲಿ ಮುಳ್ಳಿರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು.

ಲಾಕಪ್ಪಿನ ಸರಳುಗಳ ಹಿಂದೆ ಕಲ್ಮೇಶ ಮೊಣಕಾಲಿಗೆ ತಲೆ ಕೊಟ್ಟು ಕುಳಿತಿದ್ದ. ಮೂವತ್ತರ ಗಂಡಸು. ರಾಮದುರ್ಗದಲ್ಲಿ ಅವನ ಅಪ್ಪ ಕುಲ್ಫಿ ಮಾರುತ್ತಿದ್ದ. ಬರ್ಫದ ಮೇಲೆ ಉಪ್ಪು ಚೆಲ್ಲಿದರೆ ತಂಪು ಇಮ್ಮಡಿಯಾಗುತ್ತದೆ ಎಂಬುದು ಆ ಮನೆಯ ವಿದ್ಯೆ. ಔಷಧಿಯ ಪೆಟ್ಟಿಗೆಯ ಮೇಲೆ ‘ತಂಪಿನಲ್ಲಿ ಇಡಿ’ ಎಂಬುದನ್ನು ಯಾರೋ ಓದಿ ಹೇಳಿದ್ದರು, ‘ಹೆಪ್ಪುಗಟ್ಟಿಸಬೇಡಿ’ ಎಂಬುದನ್ನು ಹೇಳಿರಲಿಲ್ಲ. ಒಬ್ಬ ರೋಗಿಗೆ ಒಳ್ಳೆಯದಾಗಲಿ ಎಂದು ಅವನು ಎರಡು ಮುಷ್ಟಿ ಉಪ್ಪು ಹಾಕಿದ್ದ.

“ಕಲ್ಮೇಶ, ಇಲ್ಲಿ ನೋಡು.”

“ಏನ್ ನೋಡ್ಲಿ ಅಕ್ಕಾರ. ಆ ಯವ್ವನ ಮಾರಿ ನೋಡಾಕಾಗವಲ್ದು.”

ಅವಳು ಸರಳುಗಳ ಮುಂದೆ ನೆಲದ ಮೇಲೆಯೇ ಕುಳಿತಳು.

“ಈ ಔಷಧಿ ಬರೇ ಔಷಧಿ ಅಲ್ಲ. ಬರೇ ಔಷಧಿ ನೆತ್ತರಕ್ಕ ಬಿದ್ರ ಮೂತ್ರಪಿಂಡ ಸುಡತೈತಿ. ಅದಕ್ಕ ಅದನ್ನ ಕೊಬ್ಬಿನ ಸಣ್ಣ ಗುಳ್ಳಿಯೊಳಗ ತುಂಬತಾರ. ಗುಳ್ಳಿಗೆ ಗೋಡಿ ಇರತೈತಿ, ಎರಡು ಪದರಿಂದು. ಎಲ್ಲವ್ವನ ಗುಡ್ಡದಾಗ ಜನ ಎರಡು ಸಾಲು ಮಾಡಿ ಕಾಲಿಗೆ ಕಾಲು ಹಚ್ಚಿ ಮಲಗತಾರಲ್ಲ, ಹಂಗ. ತಲಿ ಹೊರಗ ನೀರಿನ ಕಡೆ, ಕಾಲು ಒಳಗ.”

“ಹೌದ್ರಿ.”

“ಖರೇ ಕಂಪನಿಯವರು ಹಾಕೋ ಕೊಬ್ಬಿನ ಕಾಲು ನೆಟ್ಟಗ ಇರತಾವ, ಉದ್ದ ಇರತಾವ. ಜೋಳದ ಕಣಿಕಿ ಬಣವಿ ಒಟ್ಟಿದಂಗ ಒತ್ತೊತ್ತಾಗಿ ಕುಂದರತಾವ. ಅದು ಕರಗಬೇಕಂದ್ರ ಕುದಿಯೋ ನೀರಿನ ಅರ್ಧ ಕಾವರ ಬೇಕು. ಮನಷ್ಯಾನ ಮೈಬಿಸಿಗೆ ಜಪ್ಪಯ್ಯ ಅನ್ನಂಗಿಲ್ಲ. ಔಷಧಿ ಸಾವಕಾಶ ಇಳೀತೈತಿ.”

“ಮತ್ತ ಸುಳ್ಳ ಕೊಬ್ಬು?” ಅಂದ ಸೋಮಪ್ಪ, ಬಾಗಿಲಿಗೆ ಒರಗಿ.

“ಅದರ ಕಾಲು ನಡುವ ಮುರಿದಂಗ ಡೊಂಕ ಇರತಾವ. ಜಾಲಿ ಟೊಂಗಿ ಬಣವಿ ಒಟ್ಟಿದ್ರ ಹೆಂಗ? ಎಲ್ಲಾ ಸಂದಿ. ಇವತ್ತಿನ ಚಳಿಯಾಗೂ ಅದು ಹರಿಯಾಕತ್ತಿತ್ತು, ನಾನ ಚಮಚಾ ಅದ್ದಿ ನೋಡೇನಿ. ಅಂಥಾ ಗೋಡಿ ಮೈಯಾಗ ಹೋದ್ರ ನಿಲ್ಲತೈತೇನು? ಔಷಧಿ ಎಲ್ಲಾ ಒಮ್ಮೆಲೆ ಹೊರಗ.”

ಕಲ್ಮೇಶ ತಲೆ ಎತ್ತಿದ. “ಆದ್ರ ಬರ್ಫಲೆನೂ ಗೋಡಿ ಒಡೀತೈತಿ ಅಂತ ಡಾಕ್ಟರ್ ಅಂದ್ರಲ್ರಿ.”

“ಒಡೀತೈತಿ. ಅದನ್ನೂ ನೋಡೇನಿ. ಕುಂದ್ರು.”

*

ಹನ್ನೊಂದಕ್ಕೆ ಸಂಜೀವ ಬಂದ. ಬೈಲಹೊಂಗಲದ ಔಷಧಿ ಏಜೆನ್ಸಿಯವನು, ಹಾಲಿನ ಸೂಜಿಯನ್ನು ಸವದತ್ತಿ, ಕಿತ್ತೂರು, ರಾಮದುರ್ಗಕ್ಕೆಲ್ಲ ಕಳಿಸುವವನು. ಇಸ್ತ್ರಿಯ ಬಿಳಿ ಅಂಗಿ, ಅತ್ತರು. ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತ.

“ಹೇಳ್ರಿ ಮೇಡಂ. ಅಂಗಡಿ ಬಿಟ್ಟು ಬಂದೇನಿ.”

“ಎಂ.ಕೆ. ಹುಬ್ಬಳ್ಳಿ ಹತ್ತರ ಒಂದು ಗಾಣದ ಮನಿಯಾಗ ನಿಮ್ಮ ಅಂಗಡಿ ಹೆಸರಿನ ರಟ್ಟಿನ ಖೋಕಾ ಸಿಕ್ಕಾವ.”

“ರದ್ದಿಯವ ಒಯ್ದು ಹಾಕಿರಬೇಕು. ಖೋಕಾದ ಮ್ಯಾಲೆ ಹೆಸರಿದ್ರ ನಾ ಕಳ್ಳ ಆಗ್ತೇನೇನು?”

ಅನ್ನಪೂರ್ಣಾ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟಳು. ಒಂದರಲ್ಲಿ ರಂಗೋಲಿಯ ಹಾಗೆ ಬಿಳಿಯ ಪುಡಿ. ಇನ್ನೊಂದರಲ್ಲಿ ಆ ಡಬ್ಬಿಯ ಜಿಡ್ಡು.

“ಇದು ಕಂಪನಿಯವರು ಕಳಿಸಿದ ಖರೇ ಕೊಬ್ಬು. ಕೈಯಾಗ ಹಿಡೀರಿ. ಮುಷ್ಟಿ ಕಟ್ರಿ. ಕರಗ್ತೇನು?”

“ಇಲ್ಲ.”

“ಈಗ ಇದನ್ನ ಹಿಡೀರಿ.”

ಸಂಜೀವನ ಮುಖ ಕಿವುಚಿತು. “ಛೀ. ಅದನ್ನ ಮುಟ್ಟೂದಿಲ್ಲ ನಾ.”

“ನೀವು ಕೈಲೆ ಮುಟ್ಟಂಗಿಲ್ಲ. ಮಂದಿ ನೆತ್ತರಕ್ಕ ಹಾಕಬಹುದು?”

“ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ. ಆ ಟೆಂಪೋದಾವ ಉಪ್ಪು ಹಾಕಿ ಔಷಧ ಬರ್ಫ ಮಾಡ್ಯಾನ. ಬರ್ಫ ಆದ್ರ ಗುಳ್ಳಿ ಒಡೀತದ. ತಾನ ಒಪ್ಕೊಂಡಾನ. ಮತ್ತೇನು?”

ಅವಳು ಇನ್ನೂ ಎರಡು ಬಾಟಲಿ ಹೊರಗೆ ತೆಗೆದಳು.

“ಇದು ಕಂಪನಿಯಿಂದ ತರಿಸಿದ ಖರೇ ಔಷಧಿ. ಇದನ್ನ ನಾನ ಉಪ್ಪಿನ ಬರ್ಫದಾಗ ಇಟ್ಟು ಕಲ್ಲು ಮಾಡಿ, ಕರಗಿಸಿ, ಸೂಜಿ ಚುಚ್ಚಿ ಇಪ್ಪತ್ತು ದಿನ ಇಟ್ಟೇನಿ. ಒಡದೈತಿ, ತಳದಾಗ ಗಂಟು ಗಂಟು ಆಗೇತಿ. ಖರೇ. ಮೂಸಿ ನೋಡ್ರಿ.”

ಸಂಜೀವ ಮೂಸಿದ. ಬಾಟಲಿಯನ್ನು ಮೇಜಿನ ಮೇಲೆ ಇಟ್ಟ.

“ವಾಸನಿ ಇಲ್ಲ. ನೆಟ್ಟಗಿನ ಕೊಬ್ಬಿಗೆ ಗಾಳಿ ಹತ್ತಂಗಿಲ್ಲ, ಕಮಟ ಆಗಂಗಿಲ್ಲ. ಡೊಂಕ ಇದ್ದಲ್ಲೆ ಗಾಳಿ ಹೊಕ್ಕೊಂಡು ಕೊಬ್ಬು ಕೆಡತೈತಿ. ಬರ್ಫ ಗೋಡಿ ಒಡೀಬಹುದು ಸಂಜೀವ ಅವರ, ಕೊಬ್ಬಿನ ಜಾತಿ ಬದಲಿ ಮಾಡಾಕ ಬರಂಗಿಲ್ಲ.” ಅವಳು ಎರಡನೆಯದನ್ನು ಮುಂದೆ ತಳ್ಳಿದಳು. “ಇದು ಮಡಿವಾಳೆಪ್ಪಂದು. ಇದನ್ನೂ ಮೂಸ್ರಿ.”

ಬಿರಡೆ ತೆಗೆದದ್ದೇ ತಡ, ಕೋಣೆಯೆಲ್ಲ ತುಂಬಿತು. ಬಾಗಿಲಲ್ಲಿ ನಿಂತ ಸೋಮಪ್ಪ ಮತ್ತೆ ಟೋಪಿ ಹುಡುಕಿದ. ಆ ನಾತ ಅತ್ತರನ್ನು ಸೀಳಿಕೊಂಡು ಹೋಗಿ ಸಂಜೀವನ ಮೂಗಿಗೆ ಇಳಿಯಿತು. ಅವನು ಕರವಸ್ತ್ರದೊಳಗೆ ಓಕರಿಸಿದ.

ಆಮೇಲೆ ಕಣ್ಣು ಒರೆಸಿಕೊಂಡು ನಕ್ಕ.

“ಆತು. ಔಷಧ ಸುಳ್ಳು ಅಂತ ಇಟ್ಕೋರಿ. ನನ್ನದು ಹೆಂಗಾತು? ಮಡಿವಾಳೆಪ್ಪನ ಬಾಟಲಿ ನನ್ನ ಅಂಗಡಿಯವಲ್ಲ. ಬೆಳಗಾವಿ ಡಿಪೋದಿಂದ ನೇರ ಬಂದಾವ, ಈ ಕಲ್ಮೇಶನ ಟೆಂಪೋದಾಗ. ಕಾಗದ ನೋಡ್ರಿ. ಅವನ ದಾರ್ಯಾಗ ಬದಲಿ ಮಾಡಿರಬೇಕು.”

ಲಾಕಪ್ಪಿನಲ್ಲಿ ಕಬ್ಬಿಣದ ಸದ್ದಾಯಿತು. ಕಲ್ಮೇಶ ಎದ್ದು ಸರಳು ಹಿಡಿದಿದ್ದ.

“ನನ್ನ ಅಂಗಡಿ ಔಷಧ ಯಾರಿಗೆ ಹೋಗ್ಯದ ಗೊತ್ತದನು?” ಸಂಜೀವ ಮುಂದಕ್ಕೆ ಬಾಗಿದ. “ಬಾಜೂ ಹಾಸಿಗಿಗೆ. ನಿಮ್ಮ ತಮ್ಮ ಸಂಜೂಗ. ಹನ್ನೆರಡು ಬಾಟಲಿ, ನನ್ನ ಬಿಲ್ಲು. ಚಂದಾಗಿ ನಡಕೊಂಡು ಮನಿಗೆ ಹೋಗ್ಯಾನ. ನನ್ನದು ಸುಳ್ಳ ಔಷಧ ಆಗಿದ್ರ ನಿಮ್ಮ ತಮ್ಮ ಹೆಂಗ ಉಳದಾ? ಹೇಳ್ರಿ ಅಕ್ಕಾರ. ಕೋರ್ಟಿನಾಗ ಇದನ್ನ ಕೇಳ್ತಾರ ನಮ್ಮ ವಕೀಲರು.”

ಅನ್ನಪೂರ್ಣಾ ಎರಡೂ ಬಾಟಲಿಗಳನ್ನು ಮತ್ತೆ ನೋಡಿದಳು. ಗಾಣದ ಮನೆಯ ಕೊಳಕು ಸತ್ಯ. ಬಾಟಲಿಯ ನಾತ ಸತ್ಯ. ತಮ್ಮ ಬದುಕಿರುವುದೂ ಸತ್ಯ. ಮೂರೂ ಒಂದೇ ಮನೆಯಲ್ಲಿ ಇರಲಾರವು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ನಲವತ್ತು. ಕೋರ್ಟಿನ ವ್ಯಾನು ಆಗಲೇ ಅಂಗಳಕ್ಕೆ ಬಂದಿತ್ತು.

“ಮುಗೀತಲ್ರಿ?” ಸಂಜೀವ ಎದ್ದ.

“ಕುಂದ್ರಪಾ ಸಂಜೀವ,” ಅಂದಿತು ಬಾಗಿಲಿನ ಕಡೆಯಿಂದ ಒಂದು ಮೆಲ್ಲನೆಯ ದನಿ. “ನನ್ನ ಮಾರಿ ನೋಡಿ ಹೋಗು.”

ಶಾಂತಾಬಾಯಿ. ಅರವತ್ತು ಸಮೀಪಿಸಿದ ಹೆಂಗಸು, ಒಂಬತ್ತು ಗಜದ ಸೀರೆ, ಕೈಯಲ್ಲಿ ಸ್ಟೀಲಿನ ಡಬ್ಬಿ. ಬಂದು ಎಷ್ಟು ಹೊತ್ತಾಗಿತ್ತೋ. ಅವರ ಕಣ್ಣು ಮೇಜಿನ ಮೇಲಿದ್ದ ಹಳದಿ ಕುತ್ತಿಗೆಯ ಬಾಟಲಿಯ ಮೇಲಿತ್ತು.

“ಇದನ್ನ ತೊಳದಾಕಿ ನಾನ,” ಅಂದರು. “ಎಲ್ಲಮ್ಮನ ಭಂಡಾರದ ಅರಿಷಿಣ ತುಂಬಿ ಗುಡ್ಡದಾಗ ಮಂದಿಗೆ ಕೊಡ್ತೇನಿ, ಖಾಲಿ ಬಾಟಲಿ ಪುಡಿ ಮಾಡಬ್ಯಾಡ್ರಿ ಬಾಯಿ ಅಂತ ಇವ ಕೇಳಿದಾ. ಬಾಟಲಿಗೆ ರೋಗಿಷ್ಟರ ಮೈಲಿಗಿ ಇರ್ತದ, ತಾಯಿ ಹೆಸರಿಗೆ ಹೋಗೂ ವಸ್ತು ಅಂತ ಒಂದೊಂದೂ ಅರಿಷಿಣ ನೀರಾಗ ತೊಳದು, ಕೈ ಮುಗದು ಕೊಟ್ಟೆ. ಎಂಟು ತಿಂಗಳು.”

“ಬಾಯಿ, ನಿಮಗ ವಯಸ್ಸಾಗ್ಯದ—”

“ಸುಮ್ಮಕಿರು. ನಿನ್ನ ಬಾಯಿ ನಾರ್ಲಿಕ್ಕತ್ತದ.”

ಸಂಜೀವ ಕುಳಿತ. ಈ ಸಲ ಕುರ್ಚಿ ಒರೆಸಲಿಲ್ಲ. ಸೋಮಪ್ಪ ಬಾಗಿಲಿಗೆ ಅಡ್ಡ ನಿಂತ.

ಅನ್ನಪೂರ್ಣಾ ಹಾಳೆ ಎಳೆದುಕೊಂಡು ಬರೆಯತೊಡಗಿದಳು. “ಬಾಯಿ, ಒಂದು ಮಾತು. ಡಿಪೋದಿಂದ ಖರೇ ಔಷಧಿ ಬಂದಿತ್ತಂದ್ರ ಮಡಿವಾಳೆಪ್ಪಗ ಈ ಸುಳ್ಳ ಬಾಟಲಿ ಹೆಂಗ ಬಂತು?”

ಶಾಂತಾಬಾಯಿ ಡಬ್ಬಿಯ ಮುಚ್ಚಳದ ಮೇಲೆ ಬೆರಳು ಆಡಿಸಿದರು.

“ಎರಡೂ ಹಾಸಿಗಿ ಔಷಧ ಒಂದ ಫ್ರಿಜ್ಜಿನಾಗ ಇದ್ವು. ಮೊದಲನೇ ದಿನ ಸಂಜೂಗ ಅವನ ಬಾಟಲಿ ಒಯ್ದೆ. ನರ್ಸ್ ಸೂಜಿ ತುಂಬೂಕಿಂತ ಮೊದಲು ಅವ ಬಾಟಲಿ ಕೈಯಾಗ ತಗೊಂಡಾ. ಬೆಳಕಿಗೆ ಹಿಡದಾ. ಕುತ್ತಿಗಿ ನೋಡ್ದಾ.” ಅವರು ನಿಲ್ಲಿಸಿದರು. “‘ಇದು ನನಗ ಬ್ಯಾಡ, ಆ ಕಾಕಾಂದು ಹಾಕ್ರಿ, ಅವರಿಗೆ ಇದನ್ನ ಹಾಕ್ರಿ’ ಅಂದಾ. ಎರಡೂ ಒಂದ ಔಷಧ, ರೋಗಿ ಹಟ ಯಾಕ ಮುರೀಬೇಕು ಅಂತ ಲೇಬಲ್ ಬದಲಿ ಮಾಡಿ ಇಟ್ಟೆ. ತಪ್ಪು ನಂದ.”

ಅನ್ನಪೂರ್ಣಾಳ ಪೆನ್ನು ಹಾಳೆಯ ಮೇಲೆ ನಿಂತಿತು. ನಿಂತಲ್ಲೇ ಮಸಿ ಹರಡಿ ಚುಕ್ಕೆ ದೊಡ್ಡದಾಯಿತು. ಅವಳು ಅಧಿಕಾರಿಯಾಗಿ ಇಪ್ಪತ್ತೆರಡು ದಿನ ನೋಡಿದರೂ ಕಾಣದ ಹಳದಿ ಗೆರೆ, ಹಾಸಿಗೆಯ ಮೇಲೆ ಮಲಗಿದ ತಮ್ಮನಿಗೆ ಒಂದೇ ನೋಟಕ್ಕೆ ಕಂಡಿತ್ತು. ಎಲ್ಲಿ ನೋಡಬೇಕೆಂದು ಅವನಿಗೆ ಗೊತ್ತಿತ್ತು. ಗಾಣದ ಮನೆಯ ಕೆಲಸ ಬಲ್ಲವನಿಗೆ ಮಾತ್ರ ಅದು ಗೊತ್ತಿರುತ್ತದೆ.

ಸಂಜೀವ ನೆಲ ನೋಡುತ್ತಿದ್ದ. ಅವನ ತುಟಿಯ ಮೂಲೆಯಲ್ಲಿ ನಗುವಿನಂಥದ್ದೇನೋ ಇತ್ತು.

ಸರಳುಗಳ ಹಿಂದಿನಿಂದ ಕಲ್ಮೇಶ ಅವಳನ್ನೇ ನೋಡುತ್ತಿದ್ದ. ಶಾಂತಾಬಾಯಿಯ ಮಾತನ್ನು ಪೂರ್ತಿ ಬರೆದರೆ ಅವನು ಮನೆಗೆ ಹೋಗುತ್ತಾನೆ. ಅರ್ಧ ಬರೆದರೆ ವ್ಯಾನು ಹತ್ತುತ್ತಾನೆ. ಬೆರಳಿನಲ್ಲಿ ಇನ್ನೂ ಆ ಕಮಟಿತ್ತು. ಅದೇ ಬೆರಳಿನಿಂದ ನಿನ್ನೆ ರಾತ್ರಿ ತಮ್ಮನಿಗೆ ಅನ್ನ ಕಲಸಿ ಕೊಟ್ಟಿದ್ದಳು. ಅವಳು ಕಣ್ಣು ಮುಚ್ಚಿ ತಮ್ಮೂರ ಕಾಳಿಕಾ ದೇವಿಯ ಹೆಸರು ಹೇಳಿದಳು. ಆಮೇಲೆ ಬರೆದಳು. ತಮ್ಮನ ಹೆಸರು, ತಂದೆಯ ಹೆಸರು, ಊರು ಸಿರಸಂಗಿ.

“ಖರೇ ಬಾಟಲಿ ಉಪ್ಪಿನಾಗ ಕಲ್ಲಾಗಿದ್ವು ಅಲ್ರಿ ಬಾಯಿ?” ಕಲ್ಮೇಶ ಸರಳು ಬಿಡದೆ ಕೇಳಿದ. “ಖರೇ ಹೇಳ್ರಿ.”

“ಇಲ್ಲಪಾ. ನೀ ಒಂದು ಹಳೀ ಕೌದಿ ನಾಕು ಸುತ್ತು ಸುತ್ತಿದ್ದಿ. ತಂಪಿದ್ವು, ಕಲ್ಲಾಗಿದ್ದಿಲ್ಲ. ಸಂಜೂಗ ಎಂಟು ಹೋದ್ವು, ಅಷ್ಟಕ್ಕ ಅವ ಗುಣ ಆದಾ. ಉಳಿದವನ್ನ ಯಾರಿಗೂ ಕೊಡ್ಲಿಕ್ಕೆ ಕೈ ಬರ್ಲಿಲ್ಲ.”

ಶಾಂತಾಬಾಯಿ ಹೊರಗೆ ನಡೆದರು. ಕಟ್ಟೆಯ ಮೇಲೆ ಚನ್ನವ್ವನ ಪಕ್ಕ ಕುಳಿತು ಡಬ್ಬಿ ತೆರೆದರು. ತಣ್ಣೀರಿನಲ್ಲಿ, ಮಡಿವಾಳೆಪ್ಪನ ಮೈಗೆ ಹೋಗಬೇಕಿದ್ದ ನಾಲ್ಕು ಬಾಟಲಿ ಮಲಗಿದ್ದವು. ಹಳದಿ ಕಲೆಯಿಲ್ಲದ ಕುತ್ತಿಗೆ, ಒಳಗೆ ಒಂದೂ ಗಂಟಿಲ್ಲದ ಹಾಲುಬಣ್ಣ. ಅವನ್ನು ಒಂದೊಂದಾಗಿ ಸೆರಗಿನಿಂದ ಒರೆಸಿ, ಚನ್ನವ್ವನ ಅಂಗೈಯಲ್ಲಿ ಇಟ್ಟರು.